ಕೆಂಪು ದಾರದ ಥರ್ಮಾಮೀಟರ್

ಇಪ್ಪತ್ತಾರು ವರ್ಷ ಶಹಾಬಾದ ಸರ್ಕಾರಿ ದವಾಖಾನಿಯಾಗ
ಮಂದಿ ಬಗಲಾಗ ಪಾದರಸ ಇಟ್ಟಾಕಿ ನಾ.
ತೊಂಬತ್ತೆಂಟು ಪಾಯಿಂಟ್ ಆರು,
ನನಗ ಗೊತ್ತಿದ್ದ ಆರೋಗ್ಯ ಇಷ್ಟೇ.
ಮ್ಯಾಲ ಹೋದ್ರ ಚಾರ್ಟಿನ್ಯಾಗ ಕೆಂಪು ಪೆನ್ನು.

ಹಂಗಾಗಿ, ಜ್ವಾಳದ ಬಣ್ಣದ ಈ ನಾಯಿ
ನಮ್ಮ ಪಡಸಾಲಿ ತನ್ನದೇ ಅಂತ ಮಲಗಿದ ಮೊದಲ ವಾರ
ಹೊಟ್ಟಿ ಮ್ಯಾಲ ಕೈ ಇಟ್ಟು ಗಾಬರಿ ಬಿದ್ದೆ:
ಸುಡ್ಲಕತ್ತಾದ!
ಬಾಜೂ ಮನಿ ಗೌಸಿಯಾಬೀ ಮೂಗು ಮುಟ್ಟಿ
"ಒಣಗ್ಯಾದ ನೋಡ್ರಿ ಸಿಸ್ಟರ್, ಬುಖಾರೇ" ಅಂದಳು.
ಇಬ್ಬರೂ ಆಟೋದಾಗ ಹಾಕ್ಕೊಂಡು
ದನದ ದವಾಖಾನಿಗಿ ಹೋದ್ವಿ.

ಡಾಕ್ಟರ್ ರಾಚಯ್ಯ ಬಾಲ ಎತ್ತಿ
ಒಂದು ನಿಮಿಷ ಕಿಡಕಿ ಹೊರಗ ನೋಡ್ಕೋತ ನಿಂತ್ರು.
ನೂರಾ ಒಂದೂವರಿ.
ನಾ ಪ್ಯಾರಾಸಿಟಮಾಲ್ ಹೆಸರು ತೆಗೆದೆ.
"ಆ ಗುಳಿಗಿ ಕೊಟ್ಟು ಕೊಂದೀರಿ!
ಇದು ಜ್ವರ ಅಲ್ಲವ್ವಾ, ಇದು ಅದರ ಸುಖ.
ನೂರಾ ಮೂರು ದಾಟಿದ್ರ ಬರ್ರಿ.
ಮೂಗಿನ ಮಾತು ನಂಬಬ್ಯಾಡ್ರಿ,
ಅದು ಬಿಸಲಿಗೂ ಒಣಗ್ತದ, ನಿದ್ದಿಗೂ ಒಣಗ್ತದ."

ಒಂದು ಮೀಟರ್ ಅದಕ್ಕಂತ ಬ್ಯಾರೆ ತಂದೆ,
ಗುರುತಿಗಿ ಕೆಂಪು ದಾರ ಕಟ್ಟಿದೆ.
ಆದ್ರೂ ಮೈದುನ ಗುಂಡೇರಾಯ, ಶ್ರಾವಣದಾಗ ಥಂಡಿ ಹತ್ತಿ
ಅದನ್ನೇ ನಾಲಿಗಿ ಕೆಳಗ ಇಟ್ಕೊಂಡು ಕುಂತಿದ್ದ.
ಹೇಳ್ಲೋ ಬ್ಯಾಡೋ, ಇನ್ನಾ ತೀರ್ಮಾನ ಮಾಡಿಲ್ಲ.

ಮೇ ತಿಂಗಳು.
ಶಹಾಬಾದದ ಬಿಸಲು ಮ್ಯಾಲಿಂದ ಅಷ್ಟೇ ಬರಂಗಿಲ್ಲ,
ಖಣಿಯಿಂದ ಬರ್ತದ, ಹಾಸಿದ ಪರಸಿಯಿಂದ, ಗ್ವಾಡಿಯಿಂದ.
ಎರಡಕ್ಕ ಕರೆಂಟ್ ಹೋಯ್ತು.
ಜ್ವಾಳಿ ಬಚ್ಚಲಕ್ಕ ಬಂದು ಬಿತ್ತು,
ಮೈಯೆಲ್ಲಾ ಬರೇ ಉಸಿರಾಗಿ.
ನಾವು ಬೆವರ್ತೀವಿ, ಬೈತೀವಿ, ಸೆರಗು ಬೀಸ್ಕೋತೀವಿ.
ಅದಕ್ಕ ಬೆವರು ಅಂದ್ರ ನಾಕು ಅಂಗಾಲಿನ ಪಸಿ,
ಉಳಿದ ಬೆಂಕಿಯೆಲ್ಲಾ ನಾಲಿಗಿ ಮ್ಯಾಲಿಂದ ಹೋಗಬೇಕು,
ಫ್ಯಾಕ್ಟರಿಯ ಒಂದೇ ಗೇಟಿನ್ಯಾಗ
ಮೂರೂ ಶಿಫ್ಟಿನ ಮಂದಿ ಹೊರಬಿದ್ದಂಗ.

ನೂರಾ ಐದು.
ಡಾಕ್ಟರು ಕಲಬುರ್ಗಿ ಮೀಟಿಂಗಿಗಿ ಹೋಗಿದ್ರು.
ಗೌಸಿಯಾಬೀ "ಬರಫ್ ತರ್ತೀನಿ" ಅಂದಳು. ಬ್ಯಾಡಂದೆ.
ಕೆಂಡಾದ ಮೈಗಿ ಒಮ್ಮೆಲೇ ಹಿಮ ಹಾಕಬಾರದು.
ನಳದ ನೀರು. ಅಂಗಾಲು, ತೊಡಿಸಂದಿ, ಹೊಟ್ಟಿ.
ನನ್ನ ಹಳೇ ಡ್ಯೂಟಿ ಸೀರಿ ತೋಯಿಸಿ ಒರೆಸಿದೆ,
ಆಕಿ ಮಿಠಾಯಿ ಡಬ್ಬಿಯ ರಟ್ಟು ಬೀಸಿದಳು.
ನೂರಾ ನಾಕು.
ನೂರಾ ಮೂರೂವರಿ.
ನೂರಾ ಮೂರಕ್ಕ ಕೈ ಬಿಟ್ಟೆ, ಉಳಿದದ್ದು ತಾನೇ ಇಳೀತು.
ಸಂಜಿಗಿ ಡಾಕ್ಟರು ಬಂದು ಸಲಾಯಿನ್ ಹಚ್ಚಿದ್ರು. ಬೈಯಲಿಲ್ಲ.

ಮಾರ್ಗಶಿರದಾಗ ಈಕಿ ತುಂಬಿದ ಬಸುರಿ.
ಕಿರಾಣಿ ಅಂಗಡಿ ಕ್ಯಾಲೆಂಡರಿನ ಬೆನ್ನ ಮ್ಯಾಲ
ದಿನಾ ಎರಡು ಸಲ ಬರ್ಕೋತ ಹೊಂಟಿದ್ದೆ:
ನೂರಾ ಒಂದು. ನೂರಾ ಒಂದು. ನೂರು ಪಾಯಿಂಟ್ ಎಂಟು.
ಅಮಾಸಿ ಮುಂಜಾನಿ ನೋಡ್ತೀನಿ,
ತೊಂಬತ್ತೆಂಟು ಪಾಯಿಂಟ್ ಆರು.

ಹಳೇ ಚಟ, ಮೊದಲು ಬಂದದ್ದು ಸಮಾಧಾನ:
ನಾರ್ಮಲ್!
ಆಮ್ಯಾಲ ಡಾಕ್ಟರು ಹೇಳಿದ್ದು ನೆನಪಾಯ್ತು.
ನನ್ನ ಆರೋಗ್ಯದ ಅಂಕಿ
ಆಕಿಗಿ ಸುದ್ದಿಯ ಅಂಕಿ.
ಇನ್ನೊಂದು ದಿನದಾಗ ಹಡೀತಾಳ.

ನನ್ನ ಮೀಟರ್ ನಾ ಬಾಯಾಗ ಇಟ್ಕೊಂಡೆ
(ದಾರ ಇಲ್ಲದ್ದು, ಎರಡು ಸಲ ನೋಡಿ).
ಅದೇ ಗೀಟು.
ಆಕಿ ಕೊಳ್ಳಿಗಿ ಕೆನ್ನಿ ಹಚ್ಚಿ ಕುಂತೆ.
ಎರಡು ವರ್ಷದಾಗ ಮೊದಲ ಸಲ
ಬಿಸಿ ಅನಿಸಲಿಲ್ಲ, ತಂಪೂ ಅನಿಸಲಿಲ್ಲ,
ನನ್ನ ಒಂದು ಕೈ
ನನ್ನ ಇನ್ನೊಂದು ಕೈ ಹಿಡಿದಂಗ ಇತ್ತು.

ರಾತ್ರಿ ಮೂರಕ್ಕ ಐದು ಮರಿ,
ಒಂದೊಂದು ನನ್ನ ಮುಷ್ಟಿಯಷ್ಟು.
ತೊಂಬತ್ತೈದು, ತೊಂಬತ್ತಾರು.
ಅವಕ್ಕ ಇನ್ನಾ ತಮ್ಮದಂತ ಬೆಂಕಿ ಇಲ್ಲ,
ನಡುಗಲಿಕ್ಕೂ ಬರಂಗಿಲ್ಲ.
ನಮ್ಮವ್ವ ಬಾಜೂ ಮನಿಗಿ ಹೋಗಿ
ಕುಳ್ಳಿನ ಮ್ಯಾಲ ಕೆಂಡ ಇಸ್ಕೊಂಡು ಬರ್ತಿದ್ದಳಲ್ಲ,
ಹಂಗ ಸಾಲಾಗಿ ಹೊಟ್ಟಿಗಿ ಹತ್ಕೊಂಡು ಕೇಳ್ಲಕತ್ತಿದ್ದವು.
ಜ್ವಾಳಿ ಆಗಲೇ ಏರ್ಲಕತ್ತಿದ್ದಳು,
ನೂರು, ನೂರಾ ಒಂದು,
ನನ್ನ ಬಿಟ್ಟು ಮ್ಯಾಲಕ.

ಕ್ಯಾಲೆಂಡರಿನ ಬೆನ್ನಾಗ ಜಾಗಾ ಮುಗಿದಿತ್ತು.
ಎಲ್ಲಕ್ಕಿಂತ ಸಣ್ಣದು ಗೌಸಿಯಾಬೀಯ ಓಢಣಿಯಾಗ.
"ಈಗ ಎಷ್ಟದ?" ಅಂದಳು.
ಕೆಂಪು ದಾರ ಹುಡುಕಿದೆ, ಸಿಗಲಿಲ್ಲ.
ಗುಂಡೇರಾಯನ ಖೋಲಿಯಾಗ
ಕೆಮ್ಮು ಕೇಳಿಸ್ತು, ದೀಪ ಉರೀತಿತ್ತು.